170ರ ಮೋಹ: ಕ್ವಾಂಟ್ ಫೈನಾನ್ಸ್ ಪ್ರವೇಶದಲ್ಲಿ ಜಿಆರ್‌ಇ ಅಂಕಕ್ಕೆ ಎಷ್ಟು ತೂಕ?

ಜಯನಗರ, ವಿಜಯನಗರ, ಮಲ್ಲೇಶ್ವರದ ಮುಖ್ಯರಸ್ತೆಗಳಲ್ಲಿ ವಿದೇಶ ವ್ಯಾಸಂಗದ ತರಬೇತಿ ಕೇಂದ್ರಗಳ ಫಲಕಗಳಿಗೆ ಬರವಿಲ್ಲ. ನಗುವ ಒಂದು ಮುಖ, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಕ್ವಾಂಟ್ 170/170’. ಅಮೆರಿಕದ ಸ್ನಾತಕೋತ್ತರ ಪ್ರವೇಶಕ್ಕೆಂದು ಬರೆಯುವ ಜಿಆರ್‌ಇ ಪರೀಕ್ಷೆಯ ಗಣಿತ ಭಾಗದಲ್ಲಿ ಪೂರ್ಣ ಅಂಕ ಎಂದರ್ಥ. ಅಮೆರಿಕದಲ್ಲಿ ಫೈನಾನ್ಷಿಯಲ್ ಎಂಜಿನಿಯರಿಂಗ್, ಅಂದರೆ ಹಣಕಾಸು ಮಾರುಕಟ್ಟೆಗೆ ಗಣಿತವನ್ನು ಅನ್ವಯಿಸುವ ಕ್ವಾಂಟ್ ಫೈನಾನ್ಸ್, ಓದಲು ಹೊರಟ ಹುಡುಗ ಹುಡುಗಿಯರಿಗೂ, ಅದಕ್ಕಿಂತ ಹೆಚ್ಚಾಗಿ ಅವರ ತಂದೆತಾಯಿಗೂ ಈ ಸಂಖ್ಯೆ ಸಿಇಟಿ ರ‍್ಯಾಂಕಿನಂತೆ ಕಾಣುತ್ತದೆ. ಅಂಕ ಹೆಚ್ಚಿದಷ್ಟೂ ಮೇಲಿನ ಕಾಲೇಜು, ಒಂದು ಅಂಕ ಹೋದರೆ ಒಂದು ಮೆಟ್ಟಿಲು ಕೆಳಗೆ ಎಂಬ ಲೆಕ್ಕ.

ಸಿಇಟಿಯಲ್ಲಿ ಆ ಲೆಕ್ಕ ಸರಿ. ಅಲ್ಲಿ ರ‍್ಯಾಂಕ್ ಪಟ್ಟಿಯೇ ಸೀಟು ಹಂಚುತ್ತದೆ. ನೀವು ಯಾರು, ಏನು ಓದಿದ್ದೀರಿ ಎಂದು ಯಾರೂ ಕೂತು ನೋಡುವುದಿಲ್ಲ. ಅಮೆರಿಕದ ಸ್ನಾತಕೋತ್ತರ ಪ್ರವೇಶದಲ್ಲಿ ಒಂದು ಸಮಿತಿ ಕಡತ ಓದುತ್ತದೆ. ಅಂಕಪಟ್ಟಿ, ಶಿಫಾರಸು ಪತ್ರ, ಉದ್ದೇಶದ ಪ್ರಬಂಧ, ಪ್ರೋಗ್ರಾಮಿಂಗ್ ಅನುಭವ, ಸಂದರ್ಶನ ಇವುಗಳ ನಡುವೆ ಜಿಆರ್‌ಇ ಒಂದು ಸಾಲು. ಆ ಸಾಲಿನ ಕೆಲಸ ಏನು, ಎಲ್ಲಿಯವರೆಗೆ ಎಂಬುದನ್ನು ತಿಳಿಯದೆ ತಿಂಗಳುಗಟ್ಟಲೆ ಅದಕ್ಕೇ ಸುರಿಯುವವರು ನಮ್ಮೂರಿನಲ್ಲಿ ಬಹಳ ಮಂದಿ.

ಮೊದಲು ಕೋರ್ಸುಗಳ ಸ್ವರೂಪ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯುಟೇಷನಲ್ ಫೈನಾನ್ಸ್ ಪದವಿ 1994ರಷ್ಟು ಹಿಂದಿನದು. ಬರ್ಕ್‌ಲಿ, ಪ್ರಿನ್ಸ್‌ಟನ್, ಕೊಲಂಬಿಯಾ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕೂರಾಂಟ್ ಸಂಸ್ಥೆ, ನ್ಯೂಯಾರ್ಕ್ ನಗರದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರಿದ ಬರೂಕ್ ಕಾಲೇಜು ಇವೆಲ್ಲ ಇಲ್ಲಿನ ವಿದ್ಯಾರ್ಥಿಗಳ ಬಾಯಲ್ಲಿ ಸದಾ ಓಡಾಡುವ ಹೆಸರುಗಳು. ಎಲ್ಲವೂ ಎಂಬಿಎಗೆ ಹೋಲಿಸಿದರೆ ಸಣ್ಣ ತರಗತಿಗಳು. ಕಲಿಸುವುದು ಸಂಭವನೀಯತೆ, ಸ್ಟೊಕ್ಯಾಸ್ಟಿಕ್ ಕ್ಯಾಲ್ಕ್ಯುಲಸ್ (ಯಾದೃಚ್ಛಿಕ ಏರಿಳಿತದ ಗಣಿತ), ಪಾರ್ಶಿಯಲ್ ಡಿಫರೆನ್ಷಿಯಲ್ ಸಮೀಕರಣ, ಸಂಖ್ಯಾಶಾಸ್ತ್ರ, ಸಿ++ ಮತ್ತು ಪೈಥಾನ್. ಮೊದಲ ವಾರದಿಂದಲೇ ಓಟ. ಗಣಿತದ ತಳಪಾಯ ಇಲ್ಲದವರನ್ನು ಸೇರಿಸಿಕೊಂಡರೆ ಅವರಿಗೂ ಕಷ್ಟ, ಕಲಿಸುವವರಿಗೂ ಕಷ್ಟ. ಹಾಗಾಗಿ ಸಮಿತಿ ಕಡತದಲ್ಲಿ ಹುಡುಕುವುದು ಆ ತಳಪಾಯದ ಗುರುತನ್ನು.

ಈಗ ಜಿಆರ್‌ಇ ಏನನ್ನು ಅಳೆಯುತ್ತದೆ ನೋಡೋಣ. 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆ ಮೊಟಕಾಗಿದೆ. ಹಿಂದೆ ಮೂರೂಮುಕ್ಕಾಲು ಗಂಟೆ ಹಿಡಿಯುತ್ತಿದ್ದದ್ದು ಈಗ 1 ಗಂಟೆ 58 ನಿಮಿಷ. ಕ್ವಾಂಟ್ ಭಾಗದಲ್ಲಿ 27 ಪ್ರಶ್ನೆ, 47 ನಿಮಿಷ, ಎರಡು ಕಂತು. ಮೊದಲ ಕಂತಿನಲ್ಲಿ ಹೇಗೆ ಮಾಡಿದಿರಿ ಎಂಬುದರ ಮೇಲೆ ಎರಡನೆಯದರ ಕಷ್ಟದ ಮಟ್ಟ ನಿರ್ಧಾರವಾಗುತ್ತದೆ. ಪಠ್ಯ ಅಂಕಗಣಿತ, ಬೀಜಗಣಿತ, ರೇಖಾಗಣಿತ, ದತ್ತಾಂಶ ವಿಶ್ಲೇಷಣೆ. ಕ್ಯಾಲ್ಕ್ಯುಲಸ್ ಇಲ್ಲ, ತ್ರಿಕೋನಮಿತಿಯೂ ಇಲ್ಲ. ಪರದೆಯ ಮೇಲೆ ಕ್ಯಾಲ್ಕ್ಯುಲೇಟರ್ ಕೂಡ ಕೊಡುತ್ತಾರೆ. ನಮ್ಮ ಪಿಯುಸಿ ವಿಜ್ಞಾನದ ಗಣಿತಕ್ಕಿಂತ ಕೆಳಗಿನ ವಿಷಯ, ಜೊತೆಗೆ ಗಡಿಯಾರದ ಕಾಟ ಮತ್ತು ಮಾತಿನ ಬಲೆ. ಒಂದು ಸೀರೆಯ ಬೆಲೆಯನ್ನು ಶೇಕಡಾ 20 ಏರಿಸಿ, ಆಮೇಲೆ ಶೇಕಡಾ 20 ಇಳಿಸಿದರೆ ಹಳೆಯ ಬೆಲೆಗೆ ಬರುತ್ತದೆಯೇ ಎಂಬ ಜಾತಿಯ ಪ್ರಶ್ನೆ. ಬರುವುದಿಲ್ಲ, ಶೇಕಡಾ 4 ಕಡಿಮೆಯಾಗುತ್ತದೆ. ಅವಸರದಲ್ಲಿ ಜಾರುತ್ತೀರಾ ಎಂದು ನೋಡುವುದೇ ಅದರ ಉದ್ದೇಶ.

ಇದರ ಪಕ್ಕದಲ್ಲಿ ಈ ಕೋರ್ಸುಗಳ ಸಂದರ್ಶನದಲ್ಲೂ ಮುಂದೆ ಕೆಲಸದ ಸಂದರ್ಶನದಲ್ಲೂ ಬರುವ ಮಾದರಿಯ ಒಂದು ಪ್ರಶ್ನೆಯನ್ನು ಇಟ್ಟು ನೋಡಿ. ಒಂದು ದಾಳ ಎಸೆಯುತ್ತೀರಿ. ಬಿದ್ದ ಸಂಖ್ಯೆಯಷ್ಟು ರೂಪಾಯಿ ನಿಮಗೆ. ಇಷ್ಟವಾಗದಿದ್ದರೆ ಅದನ್ನು ಬಿಟ್ಟು ಇನ್ನೊಮ್ಮೆ ಎಸೆಯಬಹುದು, ಆದರೆ ಎರಡನೆಯದನ್ನು ಒಪ್ಪಿಕೊಳ್ಳಲೇಬೇಕು. ಈ ಆಟಕ್ಕೆ ನ್ಯಾಯವಾದ ಬೆಲೆ ಎಷ್ಟು? ಎರಡನೆಯ ಎಸೆತದ ಸರಾಸರಿ 3.5. ಆದ್ದರಿಂದ ಮೊದಲ ಎಸೆತದಲ್ಲಿ 4, 5, 6 ಬಿದ್ದರೆ ಇಟ್ಟುಕೊಳ್ಳಬೇಕು, 1, 2, 3 ಬಿದ್ದರೆ ಮತ್ತೆ ಎಸೆಯಬೇಕು. ಅರ್ಧ ಸಲ ಸರಾಸರಿ 5, ಅರ್ಧ ಸಲ 3.5, ಬೆಲೆ 4.25. ಇಷ್ಟಕ್ಕೆ ಮುಗಿಯುವುದಿಲ್ಲ. ಸಂದರ್ಶಕರು ‘ಮೂರು ಎಸೆತ ಕೊಟ್ಟರೆ?’ ಎನ್ನುತ್ತಾರೆ. ಈಗ ಮುಂದೆ ಕಾಯುವುದರ ಬೆಲೆಯೇ 4.25 ಆಗಿರುವುದರಿಂದ 4 ಬಿದ್ದರೂ ಬಿಡಬೇಕು. 5 ಅಥವಾ 6 ಮಾತ್ರ ಇಟ್ಟುಕೊಳ್ಳಬೇಕು. ಬೆಲೆ ಸುಮಾರು 4.67ಕ್ಕೆ ಏರುತ್ತದೆ. ಕೊನೆಯಿಂದ ಹಿಂದಕ್ಕೆ ಬರುತ್ತಾ ‘ಈಗ ಚಲಾಯಿಸಲೇ, ಕಾಯಲೇ’ ಎಂದು ಪ್ರತಿ ಹೆಜ್ಜೆಯಲ್ಲೂ ಕೇಳುವ ಇದೇ ವಿಧಾನದಿಂದ ಅವಧಿಗೆ ಮುಂಚೆ ಚಲಾಯಿಸಬಹುದಾದ, ಗೊತ್ತಾದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕುಗಳಾದ ಆಪ್ಷನ್‌ಗಳ ಬೆಲೆ ಕಟ್ಟುತ್ತಾರೆ. ಮಾರುಕಟ್ಟೆಯ ಹೆಸರನ್ನೇ ಎತ್ತದೆ ಆ ತಲೆ ಇದೆಯೇ ಎಂದು ಪರೀಕ್ಷಿಸುವ ಪ್ರಶ್ನೆ ಇದು. ಜಿಆರ್‌ಇಯಲ್ಲಿ 170 ಬಂದವರು ಇಲ್ಲಿ ತಡವರಿಸುವುದೂ, 166 ಬಂದವರು ಸಲೀಸಾಗಿ ದಾಟುವುದೂ ಅಪರೂಪವೇನಲ್ಲ.

ಹಾಗಾದರೆ ಜಿಆರ್‌ಇ ಯಾಕೆ ಬೇಕು? ಬಾಗಿಲಲ್ಲಿ ತಡೆಯುವುದಕ್ಕೆ. ನಿಮಗೆ 158 ಬಂದಿದ್ದರೆ, ಪಿಯುಸಿಗಿಂತ ಕೆಳಗಿನ ಗಣಿತದಲ್ಲೇ ಇಷ್ಟು ತಪ್ಪು ಏಕೆ ಎಂಬ ಪ್ರಶ್ನೆ ಏಳುತ್ತದೆ. ಉಳಿದ ಕಡತ ಎಷ್ಟೇ ಚೆನ್ನಾಗಿದ್ದರೂ ಆ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಮುಂಚೂಣಿ ಕೋರ್ಸುಗಳು ಪ್ರಕಟಿಸುವ ತರಗತಿಯ ವಿವರಗಳಲ್ಲಿ ಕ್ವಾಂಟ್ ಸರಾಸರಿ 168ರ ಆಸುಪಾಸಿನಲ್ಲಿ ಕಾಣುತ್ತದೆ. ಮೇಲಿನ ಮಿತಿ 170 ಇರುವ ಪರೀಕ್ಷೆಯಲ್ಲಿ ಸರಾಸರಿಯೇ 168 ಎಂದರೆ ಅಲ್ಲಿ ಯಾರನ್ನೂ ಯಾರಿಂದಲೂ ಬೇರ್ಪಡಿಸಲು ಜಾಗವಿಲ್ಲ.

ಪರ್ಸೆಂಟೈಲ್ ಅದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಇಂಗ್ಲಿಷ್ ಭಾಷೆಯನ್ನು ಪರೀಕ್ಷಿಸುವ ವರ್ಬಲ್ ಭಾಗದಲ್ಲಿ 170 ಬಂದರೆ 99ನೇ ಪರ್ಸೆಂಟೈಲ್. ಕ್ವಾಂಟ್‌ನಲ್ಲಿ ಅದೇ 170 ಇತ್ತೀಚಿನ ವರ್ಷಗಳಲ್ಲಿ 90ಕ್ಕಿಂತ ಸ್ವಲ್ಪವೇ ಮೇಲೆ ನಿಂತಿದೆ. ಪರ್ಸೆಂಟೈಲ್ ಎಂದರೆ ನಿಮಗಿಂತ ಕಡಿಮೆ ಅಂಕ ಪಡೆದವರ ಪ್ರಮಾಣ. 170ಕ್ಕಿಂತ ಮೇಲೆ ಯಾರೂ ಇರಲು ಸಾಧ್ಯವಿಲ್ಲವಾದ್ದರಿಂದ ಉಳಿದವರೆಲ್ಲ 170 ಪಡೆದವರೇ. ಜಗತ್ತಿನಾದ್ಯಂತ ಎಂಜಿನಿಯರಿಂಗ್, ಗಣಿತ ಓದಿದವರು, ಅದರಲ್ಲೂ ಚೀನಾ ಮತ್ತು ಭಾರತದವರು, ಇದೇ ಕೋರ್ಸುಗಳಿಗೆ ಮುಗಿಬೀಳುವಾಗ ಅರ್ಜಿದಾರರ ಪೈಕಿ ಪೂರ್ಣ ಅಂಕದವರ ಪ್ರಮಾಣ ಇನ್ನೂ ಹೆಚ್ಚು.

ಇನ್ನೊಂದು ಸಂಗತಿ ಅಳತೆಯ ದೋಷ. ಯಾವ ಪರೀಕ್ಷೆಯೂ ನಿಮ್ಮ ಸಾಮರ್ಥ್ಯವನ್ನು ಕರಾರುವಾಕ್ಕಾಗಿ ಹಿಡಿಯುವುದಿಲ್ಲ. ಪ್ರಶ್ನೆಗಳ ಅದೃಷ್ಟ, ಅಂದಿನ ನಿದ್ರೆ, ಪಕ್ಕದವರ ಕೀಲಿಮಣೆಯ ಸದ್ದು ಎಲ್ಲವೂ ಸೇರಿ ಅಂಕ ಅತ್ತಿತ್ತ ಓಲಾಡುತ್ತದೆ. ಜಿಆರ್‌ಇ ಕ್ವಾಂಟ್‌ನಲ್ಲಿ ಈ ಓಲಾಟ ಸರಿಸುಮಾರು 2 ಅಂಕದಷ್ಟು. 168 ಮತ್ತು 170ರ ನಡುವಿನ ವ್ಯತ್ಯಾಸ ಈ ಓಲಾಟದೊಳಗೇ ಮುಳುಗಿಹೋಗುತ್ತದೆ. ಸಂಖ್ಯಾಶಾಸ್ತ್ರ ಕಲಿಸುವ ಪ್ರಾಧ್ಯಾಪಕರು ಕೂತಿರುವ ಸಮಿತಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ ಈ ಅಂಕವೊಂದನ್ನೇ ಹಿಡಿದು ಗೆರೆ ಎಳೆಯಬೇಡಿ ಎಂದು ವಿಶ್ವವಿದ್ಯಾಲಯಗಳಿಗೆ ಹೇಳುತ್ತಾ ಬಂದಿದೆ.

ಸ್ವಾರಸ್ಯ ಇರುವುದು ಮರುಪರೀಕ್ಷೆಯಲ್ಲಿ. 21 ದಿನಗಳ ಅಂತರ ಇಟ್ಟುಕೊಂಡು 12 ತಿಂಗಳಲ್ಲಿ 5 ಸಲ ಬರೆಯಬಹುದು. ಯಾವ ಸಲದ ಅಂಕ ಕಳುಹಿಸಬೇಕು ಎಂಬ ಆಯ್ಕೆ ನಿಮ್ಮದೇ. ಒಬ್ಬರ ನಿಜವಾದ ಮಟ್ಟ 165 ಎಂದಿಟ್ಟುಕೊಳ್ಳಿ, ಓಲಾಟ 2 ಅಂಕ. ಅವರು ಹೊಸದಾಗಿ ಏನನ್ನೂ ಕಲಿಯದೆ ಮೂರು ಸಲ ಬರೆದು ಅತ್ಯುತ್ತಮವಾದದ್ದನ್ನು ಆರಿಸಿದರೆ ಆ ಅಂಕ ಸರಾಸರಿ 1.7ರಷ್ಟು ಮೇಲೆ ಬರುತ್ತದೆ. ತರಗತಿಯ ವಿವರಗಳಲ್ಲಿ ಕಾಣುವ ಎತ್ತರದ ಸರಾಸರಿಯಲ್ಲಿ ಇಂಥ ಆಯ್ದ ಅಂಕಗಳ ಪಾಲೂ ಇದೆ. ಆ ಸರಾಸರಿಯನ್ನು ನೋಡಿ ‘ನನ್ನದು 167, ನಾನು ಕೆಳಗಿನ ಅರ್ಧದವನು’ ಎಂದು ಕೊರಗುವುದರಲ್ಲಿ ಅರ್ಥವಿಲ್ಲ.

ಜಿಆರ್‌ಇ ಬೇಕೇ ಬೇಡವೇ ಎಂಬ ವಾದ ಕೋವಿಡ್‌ಗಿಂತ ಹಳೆಯದು. 2001ರಲ್ಲಿ ಕುಂಸೆಲ್, ಹೆಜ್ಲೆಟ್ ಮತ್ತು ಓನ್ಸ್ ಎಂಬ ಸಂಶೋಧಕರು 80 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಳಗೊಂಡ ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ, ಜಿಆರ್‌ಇ ಅಂಕಕ್ಕೂ ಸ್ನಾತಕೋತ್ತರ ಸಾಧನೆಗೂ ಸಂಬಂಧ ಇದೆ ಎಂದು ತೋರಿಸಿದರು. ಅದೇ ಅಧ್ಯಯನದಲ್ಲಿ ಜಿಆರ್‌ಇಯ ವಿಷಯವಾರು ಪರೀಕ್ಷೆಗಳು ಸಾಮಾನ್ಯ ಜಿಆರ್‌ಇಗಿಂತ ಚೆನ್ನಾಗಿ ಮುನ್ಸೂಚನೆ ಕೊಡುತ್ತವೆ ಎಂಬ ಮಾತೂ ಇತ್ತು. ಅದನ್ನು ಉದ್ಧರಿಸುವವರು ಕಡಿಮೆ. 2019ರಲ್ಲಿ ಭೌತವಿಜ್ಞಾನದ ಪಿಎಚ್‌ಡಿ ವಿದ್ಯಾರ್ಥಿಗಳನ್ನು ಕುರಿತ ಇನ್ನೊಂದು ಅಧ್ಯಯನ, ಯಾರು ಪದವಿ ಮುಗಿಸುತ್ತಾರೆ ಎಂಬುದನ್ನು ಹೇಳಲು ಈ ಪರೀಕ್ಷೆಗಳಿಂದ ಆಗುವುದಿಲ್ಲ ಎಂದಿತು. ಮರುವರ್ಷವೇ ಅದಕ್ಕೆ ಭೌತವಿಜ್ಞಾನಿ ಮೈಕೇಲ್ ವೈಸ್‌ಮನ್ ಅವರ ತಕರಾರು ಪ್ರಕಟವಾಯಿತು: ನೀವು ಆಯ್ಕೆಯಾದವರನ್ನಷ್ಟೇ ನೋಡಿದ್ದೀರಿ.

ಈ ತಕರಾರಿನ ಬಳಿ ಸ್ವಲ್ಪ ನಿಲ್ಲಬೇಕು. ಒಂದು ತರಗತಿಯಲ್ಲಿ ಎಲ್ಲರದೂ 167ರಿಂದ 170ರ ಒಳಗೇ ಇದ್ದರೆ, ಅಂಕಕ್ಕೂ ಅಲ್ಲಿನ ಸಾಧನೆಗೂ ಸಂಬಂಧ ಕಾಣುವುದು ಹೇಗೆ? ವ್ಯತ್ಯಾಸವೇ ಇಲ್ಲದ ಕಡೆ ಸಂಬಂಧವೂ ಮಾಯವಾಗುತ್ತದೆ. ಅದೂ ಅಲ್ಲದೆ, 160 ಬಂದವರನ್ನು ಸಮಿತಿ ಸೇರಿಸಿಕೊಂಡಿದ್ದರೆ ಬೇರೇನೋ ಬಲವಾದ ಕಾರಣ ಇರುತ್ತದೆ: ಗಣಿತದಲ್ಲಿ ಪ್ರಕಟವಾದ ಪ್ರಬಂಧ, ಟ್ರೇಡಿಂಗ್ ಕಂಪನಿಯಲ್ಲಿ ಅನುಭವ. ಹಾಗಾಗಿ ಆಯ್ಕೆಯಾದವರ ನಡುವೆ ಕಡಿಮೆ ಅಂಕದವರೇ ಮಿಂಚುವಂತೆ ಕಾಣಬಹುದು. ‘ನೋಡಿ, 160 ಬಂದವನು ತರಗತಿಗೇ ಮೊದಲಿಗ, ಅಂಕ ಲೆಕ್ಕಕ್ಕೇ ಇಲ್ಲ’ ಎಂದು ಸೀನಿಯರ್‌ಗಳು ಹೇಳುವ ಕಥೆಗಳು ಹುಟ್ಟುವುದು ಹೀಗೆ. ಕಥೆ ನಿಜವೇ ಇರಬಹುದು. ಅದರಿಂದ ತೆಗೆದ ಪಾಠ ತಪ್ಪು. ಅದೇ 160 ಇಟ್ಟುಕೊಂಡು ಬಾಗಿಲಲ್ಲೇ ನಿಂತುಹೋದವರ ಕಥೆ ಹೇಳಲು ಅಲ್ಲಿ ಯಾರೂ ಇರುವುದಿಲ್ಲ.

ಕೋವಿಡ್ ಕಾಲದಲ್ಲಿ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಹಲವು ವಿಭಾಗಗಳು ಜಿಆರ್‌ಇಯನ್ನು ಐಚ್ಛಿಕ ಮಾಡಿದವು. ಕೆಲವು ಹಾಗೆಯೇ ಉಳಿದವು, ಕೆಲವು ಹಿಂದಿನ ನಿಯಮಕ್ಕೆ ಮರಳಿದವು. ಪ್ರತಿ ವರ್ಷವೂ ಆಯಾ ಕೋರ್ಸಿನ ಪುಟವನ್ನು ನೋಡಿಕೊಳ್ಳುವುದು ಅನಿವಾರ್ಯ. ‘ಐಚ್ಛಿಕ’ ಎಂದು ಓದಿ ನಿಟ್ಟುಸಿರು ಬಿಡುವವರು ಒಂದು ವಿಷಯ ಗಮನಿಸಬೇಕು. ಐಚ್ಛಿಕವಾದಾಗ ಒಳ್ಳೆಯ ಅಂಕ ಬಂದವರು ಕಳುಹಿಸುತ್ತಾರೆ, ಉಳಿದವರು ಬಚ್ಚಿಡುತ್ತಾರೆ. ಪ್ರಕಟವಾಗುವ ಸರಾಸರಿ ಇನ್ನೂ ಏರುತ್ತದೆ. ಅದನ್ನು ನೋಡಿ 168 ಬಂದವರೂ ಬಚ್ಚಿಡಲು ಯೋಚಿಸುತ್ತಾರೆ. ಇತ್ತ ಸಮಿತಿ, ಕಳುಹಿಸದವರ ಅಂಕ ಕಡಿಮೆಯೇ ಇರಬೇಕು ಎಂದು ಊಹಿಸಲು ಶುರುಮಾಡುತ್ತದೆ. ಪದವಿ ಮಟ್ಟದಲ್ಲಿ ಇಂಥದ್ದೇ ಅನುಭವ ಆಗಿದೆ. ಎಂಐಟಿ 2022ರಲ್ಲಿ ಪದವಿ ಪ್ರವೇಶ ಪರೀಕ್ಷೆಯಾದ ಎಸ್‌ಎಟಿಯನ್ನು ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಹಾಗೆಯೇ ಮಾಡಿದ ಡಾರ್ಟ್‌ಮತ್ ಕಾಲೇಜು, ಅನುಕೂಲವಿಲ್ಲದ ಹಿನ್ನೆಲೆಯ ವಿದ್ಯಾರ್ಥಿಗಳು ತಮಗೆ ನೆರವಾಗಬಹುದಾಗಿದ್ದ ಅಂಕವನ್ನೇ ಬಚ್ಚಿಡುತ್ತಿದ್ದರು ಎಂದು ಕಂಡುಕೊಂಡಿತ್ತು.

ನಮ್ಮ ಹುಡುಗರಿಗೆ ಇದು ನೇರವಾಗಿ ತಾಗುವ ವಿಷಯ. ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದವರಿಗೆ ಜಿಆರ್‌ಇ ಇಲ್ಲದಿದ್ದರೂ ನಡೆಯುತ್ತದೆ. ಅವರ ಪ್ರಾಧ್ಯಾಪಕರ ಹೆಸರು ಸಮಿತಿಗೆ ಪರಿಚಯ. ಐಐಟಿಯ ಅಂಕಪಟ್ಟಿಯನ್ನೂ, ಮೈಸೂರು ರಸ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬಿ.ಮ್ಯಾಥ್ ಪದವಿಯನ್ನೂ ಅಲ್ಲಿ ಓದಲು ಬರುತ್ತದೆ. ತುಮಕೂರು ರಸ್ತೆಯಲ್ಲೋ ಕನಕಪುರ ರಸ್ತೆಯಲ್ಲೋ ಇರುವ ವಿಟಿಯು ಅಧೀನದ ಕಾಲೇಜಿನ 8.9 ಸಿಜಿಪಿಎ ಎಂದರೆ ಏನು ಎಂದು ಕಾರ್ನೆಗಿ ಮೆಲನ್ ಇರುವ ಪಿಟ್ಸ್‌ಬರ್ಗ್‌ನಲ್ಲಿ ಕೂತವರಿಗೆ ತಿಳಿಯುವುದು ಹೇಗೆ? ಆ ಅರ್ಜಿದಾರರಿಗೂ ಉಳಿದವರಿಗೂ ಸಮಾನವಾದ ಒಂದೇ ಅಳತೆಗೋಲು ಜಿಆರ್‌ಇ. ನನ್ನ ಅಭಿಪ್ರಾಯದಲ್ಲಿ ವಿಟಿಯು ವಿದ್ಯಾರ್ಥಿ, ಐಚ್ಛಿಕವಾಗಿದ್ದರೂ ಜಿಆರ್‌ಇ ಬರೆಯಬೇಕು. ಕ್ವಾಂಟ್‌ನಲ್ಲಿ 167 ಅಥವಾ ಮೇಲೆ ಬಂದರೆ ಕಳುಹಿಸಬೇಕು. ಪರೀಕ್ಷೆ ವಿರೋಧಿಗಳ ವಾದದಲ್ಲಿ ಹುರುಳಿದೆ, ಆದರೆ ಪರೀಕ್ಷೆ ತೆಗೆದುಹಾಕಿದರೆ ಅದರ ಜಾಗದಲ್ಲಿ ಬಂದು ಕೂರುವುದು ಕಾಲೇಜಿನ ಹೆಸರು. ಆ ಪಂದ್ಯದಲ್ಲಿ ನಮ್ಮ ಸಾಮಾನ್ಯ ಕಾಲೇಜುಗಳು ಆಟಕ್ಕೆ ಮೊದಲೇ ಸೋತಿರುತ್ತವೆ.

ಅಂಕ ಬಂದ ಮೇಲೆ ಅಸಲಿ ತೊಡಕು ಅಂಕಪಟ್ಟಿಯದು. ವಿಟಿಯು 2018ರ ಸ್ಕೀಮಿನಲ್ಲಿ ಮೂರನೆಯ ಸೆಮಿಸ್ಟರ್‌ನ ಗಣಿತದ ಹೆಸರು ‘ಟ್ರಾನ್ಸ್‌ಫಾರ್ಮ್ ಕ್ಯಾಲ್ಕ್ಯುಲಸ್, ಫೂರಿಯೆ ಸೀರೀಸ್ ಅಂಡ್ ನ್ಯೂಮರಿಕಲ್ ಟೆಕ್ನಿಕ್ಸ್’. ನಾಲ್ಕನೆಯದು ‘ಕಾಂಪ್ಲೆಕ್ಸ್ ಅನಾಲಿಸಿಸ್, ಪ್ರಾಬಬಿಲಿಟಿ ಅಂಡ್ ಸ್ಟ್ಯಾಟಿಸ್ಟಿಕಲ್ ಮೆಥಡ್ಸ್’. ಹೆಸರು ನೋಡಿದರೆ ಮೂರು ಮೂರು ಕೋರ್ಸು ಒಟ್ಟಿಗೆ ಮುಗಿಸಿದಂತಿದೆ. ಒಳಗೆ ಇರುವುದು ಐದು ಮಾಡ್ಯೂಲ್. ಕಾಂಪ್ಲೆಕ್ಸ್ ಅನಾಲಿಸಿಸ್, ಸಂಭವನೀಯತೆ, ಸಂಖ್ಯಾಶಾಸ್ತ್ರ ಎಲ್ಲಕ್ಕೂ ಸೇರಿ ಒಂದೇ ಸೆಮಿಸ್ಟರ್. ಅಮೆರಿಕದ ಸಮಿತಿ ಸಂಭವನೀಯತೆಗೆ ಒಂದು ಪೂರ್ಣ ಸೆಮಿಸ್ಟರ್, ಲೀನಿಯರ್ ಆಲ್ಜಿಬ್ರಾಗೆ ಒಂದು, ಡಿಫರೆನ್ಷಿಯಲ್ ಸಮೀಕರಣಗಳಿಗೆ ಒಂದು, ಸಾಧ್ಯವಾದರೆ ರಿಯಲ್ ಅನಾಲಿಸಿಸ್ ಎಂದು ಹುಡುಕುತ್ತದೆ. ರಿಯಲ್ ಅನಾಲಿಸಿಸ್ ಎಂಬ ಪದ ನಮ್ಮ ಬಿ.ಇ. ಅಂಕಪಟ್ಟಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಪ್ರಮೇಯ ಸಾಧಿಸುವ ಗಣಿತ ನಮ್ಮಲ್ಲಿ ಬಿ.ಎಸ್ಸಿ.ಯವರ ಸೊತ್ತು, ಎಂಜಿನಿಯರಿಂಗ್‌ನವರು ಅದರ ಮುಖ ನೋಡದೆಯೇ ಪದವಿ ಮುಗಿಸುತ್ತಾರೆ.

ಈ ಕೊರತೆಯನ್ನು 170 ತುಂಬುವುದಿಲ್ಲ. 168ರಿಂದ 170ಕ್ಕೆ ಏರಲು ಮೂರು ತಿಂಗಳು ಅವೆನ್ಯೂ ರಸ್ತೆಯಿಂದ ತಂದ ಮಾದರಿ ಪ್ರಶ್ನೆಪುಸ್ತಕಗಳನ್ನು ತಿರುವಿಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಅದೇ ಮೂರು ತಿಂಗಳಲ್ಲಿ ಸಂಭವನೀಯತೆಯ ಒಂದು ಗಟ್ಟಿ ಕೋರ್ಸನ್ನು ಪರೀಕ್ಷೆ, ಅಂಕ ಎರಡೂ ಇರುವ ಕಡೆ ಮುಗಿಸಬಹುದು. ನಮ್ಮ ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳಿಗೆ ಮೇಲ್ವಿಚಾರಣೆಯ ಪರೀಕ್ಷೆ ಇದೆ, ಪ್ರಮಾಣಪತ್ರ ಇದೆ, ಖರ್ಚು ಅತ್ಯಲ್ಪ. ಪಠ್ಯಕ್ರಮದ ಪ್ರತಿಯನ್ನು ಅರ್ಜಿಗೆ ಲಗತ್ತಿಸಲು ಅವಕಾಶ ಇರುವ ಕಡೆ ಯಾವ ಮಾಡ್ಯೂಲ್‌ನಲ್ಲಿ ಏನು ಓದಿದ್ದೀರಿ ಎಂದು ಬಿಡಿಸಿ ತೋರಿಸಿ. ಸಿ++ನಲ್ಲಿ ಆಪ್ಷನ್ ಬೆಲೆ ಕಟ್ಟುವ ಸಣ್ಣ ಪ್ರೋಗ್ರಾಮನ್ನಾದರೂ ನೀವೇ ಬರೆದಿರಿ, ಬರೆದದ್ದರ ಪ್ರತಿ ಸಾಲನ್ನೂ ಸಂದರ್ಶನದಲ್ಲಿ ವಿವರಿಸುವಷ್ಟು ತಿಳಿದಿರಿ. 162, 163ರಲ್ಲಿ ನಿಂತವರ ಮಾತು ಬೇರೆ: ಅವರು ಮರಳಿ ಬರೆಯಲೇಬೇಕು, ಏಕೆಂದರೆ ಅಲ್ಲಿ ಸಿಗುವ ನಾಲ್ಕೈದು ಅಂಕ ಕಡತವನ್ನು ಓದಿಸುತ್ತದೆ.

ವರ್ಬಲ್ ಬಗ್ಗೆ ಇಷ್ಟು ಸಾಕು: ಕ್ವಾಂಟ್‌ನಷ್ಟು ಬಿಗಿ ಇಲ್ಲ, ಆದರೆ 145ರಂಥ ಅಂಕ ಸಂದೇಹ ಹುಟ್ಟಿಸುತ್ತದೆ. ಆ ಸಂದೇಹವನ್ನು ಸಂದರ್ಶನದಲ್ಲಿ ಬಾಯಿಬಿಟ್ಟೇ ಪರಿಹರಿಸಬೇಕು. ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ 2023ರ ಕೊನೆಯಲ್ಲಿ ರೂಪ ಬದಲಿಸಿ 205ರಿಂದ 805ರ ಅಳತೆಗೆ ಬಂದಿದೆ. ವ್ಯಾಪಾರ ಶಾಲೆಗಳಡಿ ಇರುವ ಕೋರ್ಸುಗಳು ಅದನ್ನೂ ಒಪ್ಪುವುದುಂಟು, ಗಣಿತ ವಿಭಾಗದಡಿ ಇರುವವು ಸಾಮಾನ್ಯವಾಗಿ ಜಿಆರ್‌ಇ ಕಡೆಗೇ ವಾಲುತ್ತವೆ. ಜಿಆರ್‌ಇಯ ಗಣಿತ ವಿಷಯ ಪರೀಕ್ಷೆಯನ್ನು ಇಲ್ಲಿ ಹೆಚ್ಚಿನವರು ಕಣ್ಣೆತ್ತಿಯೂ ನೋಡುವುದಿಲ್ಲ. ಅದರಲ್ಲಿ ಕ್ಯಾಲ್ಕ್ಯುಲಸ್, ಲೀನಿಯರ್ ಆಲ್ಜಿಬ್ರಾ, ರಿಯಲ್ ಅನಾಲಿಸಿಸ್ ಎಲ್ಲವೂ ಇದೆ. ಅಂಕಪಟ್ಟಿಯಲ್ಲಿ ಗಣಿತ ಕಾಣದ ಎಂಜಿನಿಯರ್‌ಗೆ ಅದರಲ್ಲಿ ಬಂದ ಒಳ್ಳೆಯ ಅಂಕ, ಸಾಮಾನ್ಯ ಜಿಆರ್‌ಇಯ 170ಕ್ಕಿಂತ ಎಷ್ಟೋ ಹೆಚ್ಚು ಮಾತಾಡುತ್ತದೆ.

ದುಡ್ಡಿನ ಮಾತು ಆಡದೆ ಈ ಚರ್ಚೆ ಮುಗಿಸುವಂತಿಲ್ಲ. ಹೆಸರಾಂತ ಖಾಸಗಿ ವಿಶ್ವವಿದ್ಯಾಲಯದಲ್ಲಿ ಶುಲ್ಕ, ವಾಸ್ತವ್ಯ ಸೇರಿ 1 ಲಕ್ಷ ಡಾಲರ್ ದಾಟುವುದು ಮಾಮೂಲು. ಪದವಿಯ ನಂತರ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಭಾಗದವರಿಗೆ ಒಪಿಟಿ ಎಂಬ ತಾತ್ಕಾಲಿಕ ಅನುಮತಿಯ ಅಡಿಯಲ್ಲಿ 12 ತಿಂಗಳು, ಮೇಲೆ 24 ತಿಂಗಳು ಕೆಲಸಕ್ಕೆ ಅವಕಾಶ. ಆಮೇಲೆ ಎಚ್‌-1ಬಿ ಲಾಟರಿ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರ ಹೊಸ ಎಚ್‌-1ಬಿ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿದ ಮೇಲೆ ಸಾಲದ ಕಾಗದಕ್ಕೆ ಸಹಿ ಹಾಕುವ ತಂದೆಯ ಕೈ ನಡುಗಿದರೆ ಆಶ್ಚರ್ಯವಿಲ್ಲ. ಇದೇ ಹೊತ್ತಿನಲ್ಲಿ ಇಂಥ ಕೆಲಸಗಳು ಬೆಂಗಳೂರಿಗೂ ಬಂದಿವೆ. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ ಇಲ್ಲಿ ಕಚೇರಿ ತೆರೆಯಿತು. ಬೇರೆ ಬ್ಯಾಂಕುಗಳ ದೊಡ್ಡ ಕೇಂದ್ರಗಳು ಹೊರವರ್ತುಲ ರಸ್ತೆಯುದ್ದಕ್ಕೂ ಇವೆ. 2011ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಹೊರಡಿಸಿದ ಎಸ್‌ಆರ್ 11-7 ಮಾರ್ಗಸೂಚಿ, ಬ್ಯಾಂಕುಗಳು ತಮ್ಮ ಗಣಿತ ಮಾದರಿಗಳನ್ನು, ಅವುಗಳನ್ನು ಕಟ್ಟಿದವರಿಂದ ಬೇರೆಯಾದವರಿಂದ ಪರಿಶೀಲನೆ ಮಾಡಿಸಬೇಕು ಎಂದಿತು. ಆ ಪರಿಶೀಲನೆಯ ಕೆಲಸದ ಒಂದು ಪಾಲು ನಮ್ಮ ಊರಿನ ಈ ಕೇಂದ್ರಗಳಲ್ಲಿ ನಡೆಯುತ್ತದೆ.

ಅಲ್ಲಿ ಎರಡು ವರ್ಷ ಕೆಲಸ ಮಾಡಿ ಅರ್ಜಿ ಹಾಕುವವರ ಕಡತದ ತೂಕವೇ ಬೇರೆ. ಬಡ್ಡಿದರದ ಮಾದರಿಯೊಂದು ಎಲ್ಲಿ ಮುರಿಯುತ್ತದೆ ಎಂದು ತಾವೇ ಪರೀಕ್ಷಿಸಿ ಬರೆದವರು ಪ್ರಬಂಧದಲ್ಲಿ ‘ನನಗೆ ಚಿಕ್ಕಂದಿನಿಂದ ಗಣಿತವೆಂದರೆ ಪ್ರೀತಿ’ ಎಂದು ಶುರುಮಾಡಬೇಕಾಗಿಲ್ಲ. ಶಿಫಾರಸು ಪತ್ರ ಬರೆಯುವ ಮೇಲಧಿಕಾರಿಗೂ ಹೇಳಲು ನಿರ್ದಿಷ್ಟವಾದದ್ದು ಇರುತ್ತದೆ. ಜಿಆರ್‌ಇ ಅಂಕ 5 ವರ್ಷ ಚಾಲ್ತಿಯಲ್ಲಿರುತ್ತದೆ. ಕೊನೆಯ ವರ್ಷದಲ್ಲಿ, ಲೆಕ್ಕದ ಕೈ ಇನ್ನೂ ಚುರುಕಾಗಿರುವಾಗಲೇ, ಬರೆದು ಇಟ್ಟುಕೊಂಡರೆ ಕೆಲಸಕ್ಕೆ ಸೇರಿದ ಮೇಲೆ ಸಂಜೆಗಳನ್ನು ರಿಯಲ್ ಅನಾಲಿಸಿಸ್‌ಗೆ ಕೊಡಬಹುದು.